ನಿಮ್ಮ ಮಗಳ ಕಷ್ಟ ಇನ್ನೂ ಸಾಲದು

"ಅಲ್ಲೋ, ನಿಮ್ಮಲ್ಲಿ ಆಸ್ಪತ್ರೆ ಎಲ್ಲಾ ಫ್ರೀ ಅಂತ ಹೇಳ್ತಿದ್ದೆ. ಈಗ ಹುಡುಗೀನ್ನ ನೋಡೋದೇ ಇಲ್ಲ ಅಂತ ಕಾಗದ ಬಂದಿದೆ ಅಂತೀಯ. ಇದ್ಯಾವ ಸೀಮೆ ಫ್ರೀನೋ?"

ಹೊಸಪೇಟೆಯಿಂದ ಅಕ್ಕ ಫೋನಿನಲ್ಲಿ ಹೀಗೆ ಕೇಳಿದಾಗ ಚುರುಕ್ ಅಂದಿತು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಊರಿಗೆ ಹೋದಾಗಲೆಲ್ಲ ಇಲ್ಲಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ಬಗ್ಗೆ ಕೊಚ್ಚಿಕೊಂಡವನು ನಾನೇ. ಹೆರಿಗೆಗೆ ಒಂದು ಪೈಸೆ ಕೊಡಲಿಲ್ಲ, ಮಕ್ಕಳ ಔಷಧಿಗೆ ದುಡ್ಡಿಲ್ಲ, ಆಸ್ಪತ್ರೆಯಲ್ಲಿ ಬಿಲ್ ಕೌಂಟರ್ ಎಲ್ಲಿದೆ ಅಂತ ಹುಡುಕಿದರೂ ಸಿಗಲ್ಲ ಅಂತ. ಅಕ್ಕ ಅದನ್ನೆಲ್ಲ ನೆನಪಿಟ್ಟುಕೊಂಡಿದ್ದಳು. ಅಕ್ಕಂದಿರು ಇಂಥದ್ದನ್ನು ಮರೆಯುವುದಿಲ್ಲ.

ವಿಷಯ ಇಷ್ಟು. ಹನ್ನೆರಡು ವರ್ಷದ ಮಗಳು ಕಳೆದ ಚಳಿಗಾಲದಲ್ಲಿ ಶಾಲೆಗೆ ಹೋಗಲು ಹಿಂದೇಟು ಹಾಕತೊಡಗಿದಳು. ಮೊದಮೊದಲು ಸೋಮವಾರ ಬೆಳಗ್ಗೆ ಮಾತ್ರ ಹೊಟ್ಟೆನೋವು. ಆಮೇಲೆ ದಿನಾ ಬೆಳಗ್ಗೆ. ರಾತ್ರಿ ನಿದ್ದೆ ಇಲ್ಲ. ತಟ್ಟೆ ಮುಂದೆ ಕೂತರೆ ಅನ್ನ ಕಲಸುತ್ತಾ ಕೂತಿರುತ್ತಿದ್ದಳು, ಬಾಯಿಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಏನೇನು ಆಗಬೇಕೋ ಅದೆಲ್ಲ ಆಯಿತು. ಹೆಂಡತಿ ಜೀರಿಗೆ ಕಷಾಯ ಕುಡಿಸಿದಳು. ಅಮ್ಮ ವಿಡಿಯೊ ಕಾಲ್‌ನಲ್ಲೇ ದೃಷ್ಟಿ ತೆಗೆದಳು. ರಾಯರಿಗೆ ಹರಕೆಯೂ ಆಯಿತು. ಕೊನೆಗೆ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆವು. ಆಕೆ ಸಮಾಧಾನದಿಂದ ಕೇಳಿದರು, ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ ರೆಫರಲ್ ಕಳಿಸಿದರು. ಅದಕ್ಕೆ ಇಲ್ಲಿ ಎಲ್ಲರೂ ಕ್ಯಾಮ್ಸ್ ಅನ್ನುತ್ತಾರೆ.

ಚಳಿಗಾಲ ಹೋಗಿ ಗಿಡಗಳು ಚಿಗುರಿದ ಮೇಲೆ ಉತ್ತರ ಬಂತು. ಬಹಳ ಮರ್ಯಾದೆಯ ಕಾಗದ. ಮಗಳಿಗೆ ಕಷ್ಟವಿದೆ ಅಂತ ನಮಗೆ ಅರ್ಥವಾಗುತ್ತದೆ, ಆದರೆ ಸದ್ಯಕ್ಕೆ ಅದು ನಮ್ಮ ಸೇವೆಯ ಮಾನದಂಡಕ್ಕೆ ಬರುವಷ್ಟಿಲ್ಲ ಅಂತ ಅದರ ಸಾರಾಂಶ. ಕೆಳಗೆ ಒಂದಷ್ಟು ವೆಬ್‌ಸೈಟುಗಳು, ಒಂದಷ್ಟು ಫೋನ್ ನಂಬರುಗಳು. ಪರಿಸ್ಥಿತಿ ಹದಗೆಟ್ಟರೆ ಮತ್ತೆ ಅರ್ಜಿ ಹಾಕಬಹುದು ಅಂತ ಒಂದು ಸಾಲು. ಜ್ವರ ನೂರಾ ಮೂರು ದಾಟಲಿ, ಆಮೇಲೆ ಕರೆದುಕೊಂಡು ಬನ್ನಿ ಅಂದ ಹಾಗೆ.

ನನಗೆ ಸಿಟ್ಟು ಬಂದದ್ದು ಆಗಲ್ಲ ಅಂದದ್ದಕ್ಕಲ್ಲ. ಅಷ್ಟು ಹೊತ್ತಿಗೆ ಅವರಲ್ಲಿ ಒಬ್ಬರೂ ನನ್ನ ಮಗಳ ಮುಖ ನೋಡಿರಲಿಲ್ಲ ಅನ್ನುವುದಕ್ಕೆ.

ಇದು ನಮ್ಮೊಬ್ಬರ ಕತೆ ಅಲ್ಲ, ಇಲ್ಲಿನ ಪದ್ಧತಿಯೇ ಹಾಗೆ. ಜಿಪಿ ಕಳಿಸಿದ ಕಾಗದ, ಶಾಲೆಯವರು ಬರೆದ ನಾಲ್ಕು ಸಾಲು, ನಾವು ತುಂಬಿದ ಫಾರ್ಮ್, ಇವಿಷ್ಟನ್ನೂ ಯಾರೋ ಒಬ್ಬರು ಮುಂದಿಟ್ಟುಕೊಂಡು ಓದುತ್ತಾರೆ. ಇದಕ್ಕೆ ಟ್ರಯಾಜ್ ಅಂತ ಹೆಸರು. ಕೆಲವು ಕಡೆ ಒಂದು ಫೋನ್ ಕರೆಯೂ ಬರುತ್ತದೆ. ಮಗುವಿಗೆ ಹದಿನೆಂಟು ತುಂಬಿರಬಾರದು. ಆ ಭಾಗದ ಜಿಪಿ ಹತ್ತಿರ ಹೆಸರು ನೋಂದಾಯಿಸಿರಬೇಕು. ತೊಂದರೆ ಮಧ್ಯಮದಿಂದ ತೀವ್ರ ಮಟ್ಟದ್ದಾಗಿರಬೇಕು. ಎಷ್ಟೋ ಕಡೆ, ಮೊದಲು ಶಾಲೆಯ ಸಹಾಯ ಪಡೆದು ನೋಡಿರಬೇಕು ಅಂತಲೂ ಇರುತ್ತದೆ. ಹೆಸರಿಗೆ ಇಡೀ ಇಂಗ್ಲೆಂಡಿಗೆ ಒಂದೇ ಎನ್‌ಎಚ್‌ಎಸ್. ಆದರೆ ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಊರಿಂದ ಊರಿಗೆ ಬೇರೆ. ನದಿ ದಾಟಿ ಆಚೆ ದಡದಲ್ಲಿ ಮನೆ ಮಾಡಿದ್ದರೆ ಅದೇ ಮಗು ಒಳಗೆ ಹೋಗಿಬಿಡಬಹುದು. ಇದನ್ನು ಇಲ್ಲಿನವರು ಲಾಟರಿ ಅಂತಲೇ ಕರೆಯುತ್ತಾರೆ.

ಫಾರ್ಮಿನ ಬಗ್ಗೆ ಹೇಳಲೇಬೇಕು. ಎಸ್‌ಡಿಕ್ಯೂ ಅಂತ ಒಂದು ಪ್ರಶ್ನಾವಳಿ ಇದೆ. ರಾಬರ್ಟ್ ಗುಡ್‌ಮನ್ ಅನ್ನುವ ಮನೋವೈದ್ಯರು 1997ರಲ್ಲಿ ಹೊರತಂದದ್ದು, ಈಗ ಜಗತ್ತಿನ ತುಂಬ ಬಳಕೆಯಲ್ಲಿದೆ. ಅದರಲ್ಲಿ 25 ವಾಕ್ಯಗಳು. ಮಗು ಪದೇ ಪದೇ ತಲೆನೋವು ಹೊಟ್ಟೆನೋವು ಅನ್ನುತ್ತದೆ. ಮಗುವಿಗೆ ಚಿಂತೆ ಜಾಸ್ತಿ. ಯಾರಿಗಾದರೂ ನೋವಾದರೆ ಸಹಾಯಕ್ಕೆ ಹೋಗುತ್ತದೆ. ಹೀಗೆ. ಪ್ರತಿಯೊಂದಕ್ಕೂ ಮೂರು ಚೌಕ: ನಿಜವಲ್ಲ, ಸ್ವಲ್ಪ ನಿಜ, ಖಂಡಿತ ನಿಜ.

ನನ್ನ ಹೆಂಡತಿ ಬಳ್ಳಾರಿ ಹೆಣ್ಣುಮಗಳು. ಮಗಳ ಬಗ್ಗೆ ಮೂರನೆಯವರ ಮುಂದೆ 'ಖಂಡಿತ' ಅನ್ನುವ ಮಾತು ಅವಳ ಬಾಯಲ್ಲಿ ಬರುವುದು ಎರಡೇ ವಿಷಯಕ್ಕೆ. ಒಂದು ಓದು, ಇನ್ನೊಂದು ಹೇಳಿದ ಮಾತು ಕೇಳುವುದು. ಉಳಿದದ್ದಕ್ಕೆಲ್ಲ 'ಸ್ವಲ್ಪ ನಿಜ'. ಯಾರಾದರೂ ಏನಮ್ಮ ಮಗಳು ಹೇಗಿದ್ದಾಳೆ ಅಂದರೆ ನಾವು ಏನು ಹೇಳುತ್ತೇವೆ? ಪರವಾಗಿಲ್ಲ, ಸ್ವಲ್ಪ ಮಂಕಾಗಿದ್ದಾಳೆ, ಸರಿ ಹೋಗ್ತಾಳೆ. ಇದು ಸುಳ್ಳಲ್ಲ. ಮನೆಯ ಕಷ್ಟವನ್ನು ಹತ್ತಕ್ಕೆ ಎರಡು ಮಾಡಿ ಹೇಳುವುದು ನಮ್ಮಲ್ಲಿ ಮರ್ಯಾದೆ. ಊರಲ್ಲಿ ಕೇಳುವವರಿಗೂ ಅದು ಗೊತ್ತು. ನಮ್ಮ ಚಿಕ್ಕಮ್ಮ 'ಸ್ವಲ್ಪ ಮೈ ಹುಷಾರಿಲ್ಲ' ಅಂದಳು ಅಂದರೆ ನಾವು ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆವು. ಎರಡನ್ನು ಐದರಿಂದ ಗುಣಿಸಿಕೊಂಡು ಕೇಳುವ ಕಿವಿ ಅಲ್ಲಿತ್ತು. ಇಲ್ಲಿ ಫಾರ್ಮ್ ಓದುವವರಿಗೆ ಅಂಥ ಕಿವಿ ಎಲ್ಲಿಂದ ಬರಬೇಕು? ಸ್ವಲ್ಪ ಅಂದರೆ ಸ್ವಲ್ಪವೇ.

ಪಕ್ಕದ ಮನೆಯ ಇಂಗ್ಲಿಷ್ ಹೆಂಗಸಿಗೆ ಈ ವಿದ್ಯೆ ಗೊತ್ತಿತ್ತು. ಅವಳ ಮಗ ಈ ದಾರಿಯಲ್ಲಿ ಹೋಗಿ ಬಂದವನು. ಬೇಲಿಯ ಮೇಲಿಂದಲೇ ನನ್ನ ಹೆಂಡತಿಗೆ ಪಾಠ ಮಾಡಿದಳು. ಸಾಧಾರಣ ದಿನದ ಬಗ್ಗೆ ಬರೆಯಲೇಬೇಡ, ತೀರಾ ಕೆಟ್ಟ ದಿನ ಯಾವುದೋ ಅದನ್ನು ಬರಿ. ಎಷ್ಟು ದಿನ ಶಾಲೆ ತಪ್ಪಿತು, ಎಷ್ಟು ರಾತ್ರಿ ನಿದ್ದೆ ಇಲ್ಲ, ನೀನು ಕೆಲಸಕ್ಕೆ ಎಷ್ಟು ರಜೆ ಹಾಕಿದೆ, ಎಲ್ಲಾ ಲೆಕ್ಕ ಇಡು. ಶಾಲೆಯವರ ಕೈಲೂ ಬರೆಸು. ಬಿಟ್ಟುಬಿಟ್ಟು ಫೋನ್ ಮಾಡುತ್ತಿರು. ಹೆಂಡತಿ ಒಳಗೆ ಬಂದು, "ಏನ್ರೀ ಇದು, ಮಗಳ ಮೇಲೆ ದೂರು ಬರೆದ ಹಾಗೆ ಬರೀಬೇಕಂತೆ" ಅಂದಳು.

ಸರ್ಕಾರದ ದುಡ್ಡಿನ ಸೇವೆ ಎಲ್ಲರಿಗೂ ಸಾಲುವುದಿಲ್ಲ, ಯಾರಿಗೆ ಮೊದಲು ಅಂತ ಆರಿಸಲೇಬೇಕು. ಒಪ್ಪೋಣ. ಆದರೆ ಆರಿಸುವುದು ಕಾಗದದ ಮೇಲೆ ಅಂದರೆ ಬರೆಯಲು ಬಂದವರ ಮಕ್ಕಳು ಗೆಲ್ಲುತ್ತಾರೆ. ಒಳ್ಳೆಯ ಇಂಗ್ಲಿಷ್ ಬರುವವರು, ಫೋನಿನಲ್ಲಿ ಪಟ್ಟು ಹಿಡಿಯುವವರು, ವ್ಯವಸ್ಥೆಯ ಭಾಷೆ ತಿಳಿದವರು. ನನಗಾದರೂ ಐಟಿ ಕೆಲಸ, ಇಂಗ್ಲಿಷ್ ಬರುತ್ತದೆ. ನಮ್ಮ ರಸ್ತೆಯ ಕೊನೆಯ ಮನೆಯಲ್ಲಿರುವ ಸೋಮಾಲಿಯಾದ ತಾಯಿಗೆ?

ಯುಗಾದಿಗೆ ನಮ್ಮ ಕನ್ನಡ ಕೂಟದ ಕಾರ್ಯಕ್ರಮವಿತ್ತು. ಬಾಡಿಗೆಗೆ ಹಿಡಿದ ಶಾಲೆಯ ಹಾಲ್, ಮುಂದೆ ಮಕ್ಕಳ ಕೋಲಾಟ, ಹಿಂದೆ ಹೋಳಿಗೆಯ ಸಾಲು. ಹೋಳಿಗೆಯ ಸಾಲಿನಲ್ಲಿ ನನ್ನ ಹೆಂಡತಿ ಯಾರ ಹತ್ತಿರವೋ ಮೆಲ್ಲಗೆ ಈ ಕಾಗದದ ವಿಷಯ ಎತ್ತಿದಳು. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನಿಮ್ಮದೂ ವಾಪಸ್ ಬಂತಾ? ನಮ್ಮ ಹುಡುಗನದ್ದು ಹೋದ ವರ್ಷ. ಒಬ್ಬರ ಮಗ ಕಾಯುತ್ತಾ ಕಾಯುತ್ತಾ ಹದಿನೆಂಟು ದಾಟಿದ. ಮಕ್ಕಳ ಪಟ್ಟಿಯಿಂದ ಹೆಸರು ಹೋಯಿತು, ದೊಡ್ಡವರ ಸೇವೆಗೆ ಮತ್ತೆ ಹೊಸ ರೆಫರಲ್, ಮತ್ತೆ ಸಾಲಿನ ಕೊನೆ. ಇಷ್ಟು ದಿನ ಇವರೆಲ್ಲ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಭರತನಾಟ್ಯದ ಫೋಟೊ ಹಾಕಿಕೊಂಡು ಇದ್ದರು. ನಾವೂ ಹಾಗೇ ಇದ್ದೆವು ಅನ್ನಿ.

ಅಂಕಿಅಂಶಗಳನ್ನು ನೋಡಿದರೆ ಹೋಳಿಗೆಯ ಸಾಲಿನ ಮಾತು ಉತ್ಪ್ರೇಕ್ಷೆ ಅನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಆಯುಕ್ತರು ಅಂತ ಒಂದು ಹುದ್ದೆ ಇದೆ. ಅವರು ಹೊರತಂದ ವರದಿಯ ಪ್ರಕಾರ 2022-23ರಲ್ಲಿ ಸುಮಾರು 9.49 ಲಕ್ಷ ಮಕ್ಕಳು ಈ ಸೇವೆಗೆ ರೆಫರ್ ಆಗಿದ್ದರು. ಅವರಲ್ಲಿ ಸಹಾಯ ಸಿಕ್ಕಿದ್ದು ಶೇ. 32ರಷ್ಟು ಮಕ್ಕಳಿಗೆ. ಶೇ. 28ರಷ್ಟು ಮಕ್ಕಳು ಇನ್ನೂ ಕಾಯುತ್ತಿದ್ದರು. ಶೇ. 39ರಷ್ಟು ಮಕ್ಕಳ ಫೈಲು ಸಹಾಯ ಶುರುವಾಗುವ ಮೊದಲೇ ಮುಚ್ಚಿತ್ತು. ಮುಚ್ಚಿದ್ದೆಲ್ಲ ಅರ್ಹತೆ ಇಲ್ಲ ಅಂತಲೇ ಅಲ್ಲ, ಬೇರೆ ಕಾರಣಗಳೂ ಇರುತ್ತವೆ. ಆದರೂ ಒಳಗೆ ಹೋದವರಿಗಿಂತ ಬಾಗಿಲಲ್ಲೇ ಕೈಬಿಟ್ಟುಹೋದವರು ಜಾಸ್ತಿ.

ಈಗ ಅಕ್ಕನ ಕಡೆಯ ಕತೆಗೆ ಬರುತ್ತೇನೆ. ಅವಳು ನನ್ನನ್ನು ಹಾಗೆ ಚುಚ್ಚುವುದಕ್ಕೆ ಅವಳಿಗೆ ಹಕ್ಕಿತ್ತು.

ಅಕ್ಕನ ಮಗ ಪಿಯುಸಿ ಓದುವ ಹುಡುಗ. ವರ್ಷದ ಹಿಂದೆ ಅವನು ಕೈ ತೊಳೆಯುವುದು ಜಾಸ್ತಿ ಮಾಡಿದ. ತೊಳೆದದ್ದೇ ತೊಳೆದದ್ದು. ಅಮ್ಮನಿಗೆ ಮೊದಲು ಖುಷಿಯೇ ಆಗಿತ್ತು, ಮೊಮ್ಮಗ ಕೊನೆಗೂ ಮಡಿ ಮೈಲಿಗೆ ಕಲಿತ ಅಂತ. ಕೈಯ ಚರ್ಮ ಬಿರಿದು ರಕ್ತ ಬರತೊಡಗಿದಾಗ, ಬಾಗಿಲು ಹಾಕಿದ್ದೇನಾ ಅಂತ ರಾತ್ರಿ ಹತ್ತು ಸಲ ಎದ್ದು ನೋಡತೊಡಗಿದಾಗ ಮನೆಯವರಿಗೆ ಗಾಬರಿಯಾಯಿತು. ಭಾವ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದರು. ರಾತ್ರಿ ಹೊರಟವರು ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ಹೋಟೆಲಿನಲ್ಲಿ ಇಡ್ಲಿ ತಿಂದು, ಸೀದಾ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದರು.

ಯಾರ ಚೀಟಿಯೂ ಇರಲಿಲ್ಲ. ಯಾವ ಡಾಕ್ಟರೂ ಕಳಿಸಿರಲಿಲ್ಲ. ಹೆಸರು ಬರೆಸಿದರು, ಫೈಲು ಮಾಡಿಸಿದರು, ಕೂತರು. ಜನ ಇರುತ್ತಾರೆ, ಅದು ಗೊತ್ತಿದ್ದದ್ದೇ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಎಳೆಯ ವಯಸ್ಸಿನ ಡಾಕ್ಟರು ಹುಡುಗನ ಎದುರು ಕೂತು, ಅವನ ಕೈ ನೋಡಿ, ಎಷ್ಟು ದಿನದಿಂದ ಅಂತ ಕೇಳಿದರು. ಮುಂದೆ ವಿವರವಾಗಿ ನೋಡುವುದಕ್ಕೆ ಇನ್ನೊಂದು ದಿನ ಕೊಟ್ಟರು. ಆಗ ಅಲ್ಲೂ ಪ್ರಶ್ನಾವಳಿ ಇತ್ತು, ಅಲ್ಲೂ ಫಾರ್ಮ್ ತುಂಬಿಸಿದರು. ಆದರೆ ಅದು ಹುಡುಗನನ್ನು ನೋಡಿದ ಮೇಲೆ. ಆವತ್ತು ಆಸ್ಪತ್ರೆಗೆ ಕಟ್ಟಿದ್ದಕ್ಕಿಂತ ಆಟೊದವನಿಗೆ ಕೊಟ್ಟದ್ದೇ ಜಾಸ್ತಿ ಅಂತ ಭಾವ ಈಗಲೂ ಹೇಳುತ್ತಾರೆ.

ನಮ್ಮಲ್ಲೂ ಅರ್ಹತೆ ಅಂತ ಇದೆ. ಆದರೆ ಅಲ್ಲಿ ಕೇಳುವುದು ದುಡ್ಡಿನ ಅರ್ಹತೆ. ಬಿಪಿಎಲ್ ಕಾರ್ಡ್ ಇದೆಯಾ ಇಲ್ಲವಾ, ಫೀಸು ಕಟ್ಟಬೇಕಾ ಬೇಡವಾ. ನಿನ್ನ ಮಗನ ಕಷ್ಟ ನಾವು ನೋಡುವಷ್ಟು ದೊಡ್ಡದಾ ಅಂತ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ದುಡ್ಡಿನ ವಿಷಯದಲ್ಲೂ ಕಾನೂನು ಉದಾರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಅದು ಉಚಿತ. ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ, ಇಲ್ಲದಿರಲಿ ಅಂತ ಅದರಲ್ಲೇ ಬರೆದಿದೆ. ರೇಷನ್ ಕಾರ್ಡಿಗಾಗಿ ತಾಲೂಕು ಕಚೇರಿಗೆ ಅಲೆದವರಿಗೆ ಆ ಒಂದು ಮಾತಿನ ಬೆಲೆ ಗೊತ್ತು.

ಇಲ್ಲಿ ದುಡ್ಡಿನ ಪ್ರಶ್ನೆ ಜಿಪಿ ಬಾಗಿಲಲ್ಲಿ ಇಲ್ಲ, ವೀಸಾ ಬಾಗಿಲಲ್ಲಿದೆ. ಈಗ ಹೊಸದಾಗಿ ಕೆಲಸಕ್ಕೆ ಬರುವವರು ಆರೋಗ್ಯದ ಸರ್‌ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಮೊದಲೇ ಕಟ್ಟಿ ಬರಬೇಕು. ಗಂಡ, ಹೆಂಡತಿ, ಎರಡು ಮಕ್ಕಳು ಅಂದರೆ ವರ್ಷಕ್ಕೆ 3,622 ಪೌಂಡ್. ಸಂಬಳದಲ್ಲಿ ಹಿಡಿಯುವ ತೆರಿಗೆ ಬೇರೆ. ನಮ್ಮ ಹುಡುಗರು ಬೈಯುತ್ತಲೇ ಕಟ್ಟುತ್ತಾರೆ. ಅಷ್ಟು ಕಟ್ಟಿದ ಮೇಲೂ ಮಗಳ ವಿಷಯದಲ್ಲಿ ಇನ್ನೊಂದು ಗೆರೆ ಇದೆ ಅಂತ ಆಗ ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನಾನು ಬಳ್ಳಾರಿ ಕಡೆಯವನೇ ಅಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಮಾತ್ರೆಗಳನ್ನು ಹಳ್ಳಿಯ ಹತ್ತಿರಕ್ಕೇ ತಲುಪಿಸಿದರು. 1996ರಲ್ಲಿ ದೇಶದ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ಬಳ್ಳಾರಿ ಮಾದರಿಯನ್ನು ಇಟ್ಟುಕೊಂಡೇ. ಗಣಿ ಧೂಳು, ಬಿಸಿಲು ಬಿಟ್ಟರೆ ಬೇರೇನೂ ಇಲ್ಲ ಅಂತ ನಮ್ಮೂರನ್ನು ಆಡಿಕೊಳ್ಳುವ ಬೆಂಗಳೂರಿನ ಗೆಳೆಯರಿಗೆ ಇದನ್ನು ಆಗಾಗ ನೆನಪಿಸುತ್ತಿರುತ್ತೇನೆ.

ನನ್ನ ವಾದ ಇಷ್ಟೇ. ಅಲ್ಲಿ ಮೊದಲು ಮಗು, ಆಮೇಲೆ ಕಾಗದ. ಇಲ್ಲಿ ಮೊದಲು ಕಾಗದ, ಕಾಗದ ಪಾಸಾದರೆ ಮಗು. ಅರ್ಧ ಗಂಟೆ ಮಗುವನ್ನು ಎದುರಿಗೆ ಕೂರಿಸಿಕೊಂಡು ನೋಡಿ, ಆಮೇಲೆ ಇದು ನಮ್ಮ ಮಟ್ಟದ ತೊಂದರೆ ಅಲ್ಲ ಅನ್ನಿ. ನಾನು ಮರುಮಾತಾಡದೆ ವಾಪಸ್ ಬರುತ್ತೇನೆ. ಆ ಅರ್ಧ ಗಂಟೆಗೆ ಜನ ಇಲ್ಲ ಅನ್ನುತ್ತಾರೆ. ಇವರಿಗಿಂತ ಎಷ್ಟೋ ಪಾಲು ಕಡಿಮೆ ಡಾಕ್ಟರುಗಳನ್ನು ಇಟ್ಟುಕೊಂಡ ನಾಡು ಆ ಅರ್ಧ ಗಂಟೆ ಕೊಡುತ್ತದೆ, ಇವರಿಗೆ ಆಗುವುದಿಲ್ಲ ಅಂದರೆ ಹೇಗೆ ನಂಬುವುದು?

ಇಷ್ಟು ಬರೆದು ಮುಗಿಸಿಬಿಡಬೇಕು ಅಂತಲೇ ಇತ್ತು. ಹೆಂಡತಿ ಓದಿ, "ಪೂರ್ತಿ ಬರೀರಿ, ಅರ್ಧ ಬರೀಬೇಡಿ" ಅಂದಳು.

ಸರಿ. ಮಗಳಿಗೆ ಏನೋ ಆಗಿದೆ ಅಂತ ಮೊದಲು ಗುರುತಿಸಿದ್ದು ಯಾರು? ನಾವಲ್ಲ, ಶಾಲೆಯವರು. ನಾವಿನ್ನೂ ಜೀರಿಗೆ ಕಷಾಯದಲ್ಲಿ ಇದ್ದಾಗಲೇ ಅವಳ ಟೀಚರ್ ಫೋನ್ ಮಾಡಿ, ಊಟದ ಬಿಡುವಿನಲ್ಲಿ ಇವಳು ಒಬ್ಬಳೇ ಲೈಬ್ರರಿಯಲ್ಲಿ ಕೂತಿರುತ್ತಾಳೆ, ಮನೆಯಲ್ಲಿ ಹೇಗಿದ್ದಾಳೆ ಅಂತ ಕೇಳಿದ್ದರು. ಇತ್ತ ಅಕ್ಕನ ಮಗನ ಕಾಲೇಜಿನಿಂದ ಮನೆಗೆ ಬಂದದ್ದು ಹಾಜರಿ ಕಡಿಮೆ ಇದೆ ಅನ್ನುವ ಮೆಸೇಜು, ಅದರ ಹಿಂದೆಯೇ ಫೀಸಿನ ಮೆಸೇಜು. ಇಲ್ಲೂ ಹಾಜರಿಯ ಕಾಟ ಇಲ್ಲವೆಂದಲ್ಲ. ಕಾರಣವಿಲ್ಲದೆ ಶಾಲೆ ತಪ್ಪಿಸಿದರೆ ತಂದೆತಾಯಿಗೆ 80 ಪೌಂಡ್ ದಂಡ, ತಡವಾದರೆ 160. ಆದರೆ ಮಗು ಯಾಕೆ ಬರುತ್ತಿಲ್ಲ ಅಂತಲೂ ಕೇಳುತ್ತಾರೆ.

ಕ್ಯಾಮ್ಸ್‌ನವರು ಬೇಡ ಅಂದ ಮೇಲೆ ಮಗಳನ್ನು ನೋಡಿದ್ದು ಶಾಲೆಯಲ್ಲೇ. 2017ರಲ್ಲಿ ಇಲ್ಲಿನ ಸರ್ಕಾರ ಶಾಲೆಗಳಿಗೆ ಮಾನಸಿಕ ಆರೋಗ್ಯದ ತಂಡಗಳನ್ನು ಕೊಡುವ ಯೋಜನೆ ಹಾಕಿಕೊಂಡಿತು. ಎಲ್ಲ ಶಾಲೆಗಳಿಗೂ ಅದು ಇನ್ನೂ ಮುಟ್ಟಿಲ್ಲ, ನಮ್ಮ ಅದೃಷ್ಟಕ್ಕೆ ಮಗಳ ಶಾಲೆಗೆ ಮುಟ್ಟಿತ್ತು. ಡಾಕ್ಟರಲ್ಲ, ತರಬೇತಿ ಪಡೆದ ಒಬ್ಬ ಎಳೆಯ ಹುಡುಗಿ. ವಾರಕ್ಕೊಮ್ಮೆ ಮಾತಾಡಿಸಿದಳು. ಭಯ ಬಂದಾಗ ಏನು ಮಾಡಬೇಕು, ಶಾಲೆಯ ಗೇಟಿನವರೆಗೆ ಮೊದಲು, ಆಮೇಲೆ ಒಂದು ಪೀರಿಯಡ್, ಹೀಗೆ ಹಂತ ಹಂತವಾಗಿ. ಮಗಳು ಈಗ ವಾರದಲ್ಲಿ ಬಹುಪಾಲು ದಿನ ಶಾಲೆಗೆ ಹೋಗುತ್ತಾಳೆ. ಹಾಗಾದರೆ ಕಾಗದ ಬರೆದವರು ಹೇಳಿದ್ದೇ ಸರಿ ಆಯಿತಲ್ಲ, ಅವಳಿಗೆ ದೊಡ್ಡ ಡಾಕ್ಟರು ಬೇಕಿರಲಿಲ್ಲವಲ್ಲ ಅಂತ ನೀವು ಕೇಳಬಹುದು. ಕೇಳಬೇಡಿ. ನೋಡದೇ ಹೇಳಿದ್ದು ಸರಿಯಾದರೆ ಅದು ಅವರ ಜಾಣತನ ಅಲ್ಲ ಅನ್ನುವುದು ನನ್ನ ಹಟ.

ತೀರಾ ಕಷ್ಟದ ಮಕ್ಕಳಿಗೆ ಇಲ್ಲಿ ಬಾಗಿಲು ಬೇಗ ತೆರೆಯುತ್ತದೆ ಅನ್ನುವುದನ್ನೂ ಸೇರಿಸಬೇಕು. ಊಟ ಬಿಟ್ಟು ಒಣಗುವ ಮಕ್ಕಳ ಕಾಯಿಲೆಗೆ ತುರ್ತಾದರೆ ಒಂದು ವಾರದೊಳಗೆ, ಇಲ್ಲದಿದ್ದರೆ ನಾಲ್ಕು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ನಿಯಮ ಇದೆ. ಎಲ್ಲ ಸಲ ಪಾಲನೆಯಾಗುವುದಿಲ್ಲ, ಆದರೆ ಪಾಲನೆಯಾಯಿತೇ ಇಲ್ಲವೇ ಅಂತ ಲೆಕ್ಕ ಇಟ್ಟು ಬಹಿರಂಗವಾಗಿ ಹೇಳುತ್ತಾರೆ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಿದರೆ ಯಾವ ಹೊತ್ತಿನಲ್ಲಾದರೂ ಯಾರಾದರೂ ಸಿಗುತ್ತಾರೆ. ಇಲ್ಲಿ 8ರಿಂದ 16 ವರ್ಷದ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರಬಹುದು ಅಂತ 2023ರ ಸಮೀಕ್ಷೆ ಹೇಳಿತು. 2017ರಲ್ಲಿ ಅದು ಎಂಟರಲ್ಲಿ ಒಬ್ಬರು ಇತ್ತು. ನಮ್ಮ ದೇಶದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರವರಲ್ಲಿ ಶೇ. 7.3. ನಮ್ಮ ಮಕ್ಕಳು ಇವರಿಗಿಂತ ಗಟ್ಟಿ ಅಂತ ಇದನ್ನು ಕೂಟದಲ್ಲಿ ಒಬ್ಬರು ಎದೆಯುಬ್ಬಿಸಿ ಹೇಳಿದರು. ಎರಡೂ ಕಡೆ ಕೇಳಿದ ರೀತಿ ಬೇರೆ, ವಯಸ್ಸು ಬೇರೆ. ಕೇಳುವವರ ಮುಂದೆ 'ಪರವಾಗಿಲ್ಲ' ಅನ್ನುವ ಜನ ನಾವು, ಅದೂ ಇದೆ.

ನಿಮ್ಹಾನ್ಸ್ ಕತೆಗೂ ಇನ್ನೊಂದು ಮುಖ ಇದೆ. ಅದು ಇರುವುದು ಬೆಂಗಳೂರಲ್ಲಿ. ಧಾರವಾಡದಲ್ಲೂ ಒಂದು ಸಂಸ್ಥೆ ಇದೆ. ಉಳಿದ ಊರುಗಳಲ್ಲಿ ಮಕ್ಕಳ ಮನಸ್ಸಿನ ಡಾಕ್ಟರು ಅಂತ ಹುಡುಕಿದರೆ ಸಿಗುವುದು ಕಷ್ಟ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಕ್ಕೆ ಮನೋವೈದ್ಯರು ಬರುತ್ತಾರೆ, ಆದರೆ ಅವರ ಮುಂದಿನ ಸಾಲಿನಲ್ಲಿ ಇರುವವರು ಬಹುಪಾಲು ದೊಡ್ಡವರು. ಭಾವನಿಗೆ ರಜೆ ಸಿಕ್ಕಿತು, ರೈಲಿನಲ್ಲಿ ಸೀಟು ಸಿಕ್ಕಿತು, ಬೆಂಗಳೂರಲ್ಲಿ ಇಳಿದುಕೊಳ್ಳಲು ನಾದಿನಿ ಮನೆ ಇತ್ತು. ಇವಿಷ್ಟೂ ಇಲ್ಲದವರನ್ನು ಯಾರೂ ಬಾಗಿಲಲ್ಲಿ ತಡೆಯಬೇಕಾಗಿಲ್ಲ. ಅವರು ಹೊರಡುವುದೇ ಇಲ್ಲ. ನಾನು ಹೊಗಳಿದ ತೆರೆದ ಬಾಗಿಲು ಅಷ್ಟು ಸಲೀಸಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೀಗೆ ಬರೆಯುವುದಕ್ಕೆ ನನಗೆ ಇಷ್ಟವಿಲ್ಲ.

ಮತ್ತೆ ಮತ್ತೆ ಹೋಗಿ ತೋರಿಸಿಕೊಂಡು ಬರುವುದು ಇನ್ನೂ ಕಷ್ಟ. ಅಕ್ಕ ಅಕ್ಕಪಕ್ಕದವರಿಗೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆವು ಅಂತ ಹೇಳಿದ್ದಾಳೆ. ಪ್ರತಿ ಸಲ ಬೆಂಗಳೂರಿಗೆ ಹೋದಾಗಲೂ ಚರ್ಮ ಅನ್ನುವುದಕ್ಕಾಗುತ್ತದೆಯೇ? ಅದಕ್ಕೇ ನಡುವೆ ಒಮ್ಮೆ ಹತ್ತಿರದ ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಡಾಕ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ಭಾವನೇ ಉತ್ತರ ಕೊಟ್ಟರು. ಹುಡುಗ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನನ್ನು ಡಾಕ್ಟರು ಕೇಳಿದ್ದು ಒಂದೇ ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ಬಂತಪ್ಪ ಅಂತ.

ಇಲ್ಲಿ ಜಿಪಿ ನಮ್ಮನ್ನು ಸ್ವಲ್ಪ ಹೊರಗೆ ಕೂರಿಸಿ ಮಗಳ ಜೊತೆ ಮಾತ್ರ ಮಾತಾಡಿದ್ದರು. ಆಗ ನನಗೆ ಅದು ಸರಿ ಕಾಣಲಿಲ್ಲ. ಹನ್ನೆರಡರ ಕೂಸು, ಅಪ್ಪ ಅಮ್ಮನನ್ನು ಹೊರಗೆ ಕಳಿಸುವುದು ಎಂಥ ಪದ್ಧತಿ ಅಂತ ಕಾರಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಮಗುವಿಗೆ ವಿಷಯ ಅರ್ಥವಾಗುವಷ್ಟು ತಿಳುವಳಿಕೆ ಇದ್ದರೆ ಹದಿನಾರು ತುಂಬದಿದ್ದರೂ ಚಿಕಿತ್ಸೆಗೆ ಅದರ ಒಪ್ಪಿಗೆಯೇ ಸಾಕು ಅಂತ ಇಲ್ಲಿ ಕಾನೂನು. ಗಿಲ್ಲಿಕ್ ಅನ್ನುವ ತಾಯಿಯೊಬ್ಬರು ಹಾಗಾಗಬಾರದು ಅಂತ ಕೋರ್ಟಿಗೆ ಹೋಗಿ 1985ರಲ್ಲಿ ಸೋತಿದ್ದರು. ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಮಗಳು ಶಾಲೆಯ ಆ ಹುಡುಗಿಯ ಹತ್ತಿರ ಏನು ಹೇಳಿದಳೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಆದರೆ ಮೊನ್ನೆ ಅಕ್ಕ ಇನ್ನೊಂದು ವಿಷಯ ಹೇಳಿದಳು. ಅವಳ ಮಗ ಬೆಂಗಳೂರಿಗೆ ಹೋಗುವುದಕ್ಕೆ ಎಷ್ಟೋ ಮೊದಲೇ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿಗೆ, ಅದೇ 14416ಕ್ಕೆ, ತಾನೇ ಫೋನ್ ಮಾಡಿದ್ದನಂತೆ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಅರ್ಹತೆ ಗಿರ್ಹತೆ ಯಾರೂ ಕೇಳುವುದಿಲ್ಲ. ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದಾಗ ಮಾಳಿಗೆ ಮೇಲೆ ಹೋಗಿ ಮಾತಾಡಿದ್ದ. ಡಾಕ್ಟರಿಗೆ ತೋರಿಸು ಅಂತ ಅವನಿಗೆ ಮೊದಲು ಹೇಳಿದವರು ಅವರೇ. ಅಕ್ಕನಿಗೆ ಇದು ಗೊತ್ತಾದದ್ದು ಈಗ.

"ಹೆತ್ತ ತಾಯಿಗೆ ಹೇಳೋಕಾಗಲ್ಲ, ಯಾರಿಗೋ ಫೋನ್ ಮಾಡಿ ಹೇಳ್ತಾನೆ ನೋಡು" ಅಂತ ಸಿಟ್ಟಾಗಿದ್ದಳು.

ಹುಡುಗ ಮಾಡಿದ್ದೇ ಸರಿ ಅಂತ ನನಗೆ ಅನಿಸಿತು. ಅಕ್ಕನಿಗೆ ಮಾತ್ರ, ಹೌದಕ್ಕ, ಈಗಿನ ಮಕ್ಕಳೇ ಹಾಗೆ ಅಂದೆ.